ದಡ ಮೊದಲು, ಕಾಲುವೆ ಆಮೇಲೆ

ಒಂದು ನೌಕಾಬಲವನ್ನೇ ಮರೆಮಾಡಿ ನಿಲ್ಲಿಸಬಹುದಾದಷ್ಟು ವಿಶಾಲವಾದ ಹಿನ್ನೀರು ಬಾಗಿಲ ಒಳಗಿದ್ದರೂ, ಅದರೊಳಕ್ಕೆ ದೊಡ್ಡ ಹಡಗೊಂದನ್ನು ಬರಮಾಡಿಕೊಳ್ಳಲಾರದೆ ಶತಮಾನಗಳ ಕಾಲ ಹೊರಗಣ ತೆರೆಗಳ ಮೇಲೆಯೇ ವ್ಯಾಪಾರ ನಡೆಸಿದ ಊರು ಕೊಚ್ಚಿ. ದಕ್ಷಿಣದಲ್ಲಿ ಫೋರ್ಟ್ ಕೊಚ್ಚಿ, ಉತ್ತರದಲ್ಲಿ ವೈಪಿನ್ ದ್ವೀಪ, ಇವೆರಡರ ನಡುವೆ ವೇಂಬನಾಡು ಹಿನ್ನೀರು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆ. ಆ ಅಳಿವೆಯ ಮುಂದೆ, ಕಲ್ಲಿನಷ್ಟೇ ಗಟ್ಟಿಯಾಗಿ ಒತ್ತಿಕೊಂಡ ಮರಳಿನ ದಿಬ್ಬ. ದಿಬ್ಬದ ಮೇಲಿನ ನೀರಿನ ಆಳ ಎಂಟೊಂಬತ್ತು ಅಡಿಗಿಂತ ಹೆಚ್ಚಿರಲಿಲ್ಲ. ಆದುದರಿಂದ ಹಡಗುಗಳು ಹೊರಗಡಲಿನಲ್ಲಿ ಲಂಗರು ಹಾಕುತ್ತಿದ್ದುವು. ಕರಿಮೆಣಸು, ತೆಂಗಿನ ನಾರು, ಕೊಬ್ಬರಿ ಎಣ್ಣೆ, ಚಹಾ ಮೊದಲಾದ ಸರಕುಗಳೆಲ್ಲ ದೋಣಿಗಳಲ್ಲಿ ತೂಗಾಡುತ್ತ ಅಲ್ಲಿಯವರೆಗೆ ಹೋಗಬೇಕಾಗಿತ್ತು. ಮಳೆಗಾಲ ಕಾಲಿಟ್ಟಿತೆಂದರೆ ಅದೂ ನಿಲ್ಲುತ್ತಿತ್ತು. 1867ರಲ್ಲಿ ಇಲ್ಲಿ ವ್ಯಾಪಾರ ಸಂಸ್ಥೆಯನ್ನು ತೆರೆದ ಜಾನ್ ಆಸ್ಪಿನ್‌ವಾಲನಂತಹ ವರ್ತಕರು ಈ ಅಳಿವೆಯನ್ನೇ ನೋಡುತ್ತ ಬಾಳಿದವರು. ಆ ಸಂಸ್ಥೆಯ ಹೆಸರು ಮಂಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯ ಮೂಲಕ ನಮ್ಮ ಕಾಫಿ ಬೆಳೆಗಾರರಿಗೂ ಪರಿಚಿತವೇ.

ದಿಬ್ಬವನ್ನು ಕಡಿದು ಹಾಕಬಾರದೇಕೆ ಎಂಬ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲವೆಂದಲ್ಲ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಆ ಪ್ರಶ್ನೆ ಏಳುತ್ತಿತ್ತು, ಭಯದ ಉತ್ತರವನ್ನು ಪಡೆದು ಮತ್ತೆ ಮಲಗುತ್ತಿತ್ತು. ಆ ಭಯ ನಿರಾಧಾರವಾದುದಾಗಿರಲಿಲ್ಲ. ಈ ಕರಾವಳಿಯ ಜನರ ನೆನಪಿನಲ್ಲಿ 1341ರ ಪೆರಿಯಾರ್ ಪ್ರವಾಹವೆಂಬುದೊಂದಿದೆ. ರೋಮಿನವರ ಕಾಲದಿಂದಲೂ ಪ್ರಸಿದ್ಧವಾಗಿದ್ದ ಕೊಡುಂಗಲ್ಲೂರಿನ ಬಂದರು ಆ ಪ್ರವಾಹದಿಂದ ಹೂಳಿನಲ್ಲಿ ಮುಚ್ಚಿಹೋಯಿತೆಂದೂ, ಕೊಚ್ಚಿಯ ಅಳಿವೆ ಅಗಲವಾಗಿ ತೆರೆದುಕೊಂಡಿತೆಂದೂ, ವೈಪಿನ್ನಿನ ನೆಲ ಆಗಲೇ ಮೇಲೆದ್ದಿತೆಂದೂ ಪರಂಪರೆ ಹೇಳುತ್ತದೆ. ಆ ವರ್ಷದಿಂದ ಎಣಿಸುವ ಪುದುವೈಪ್ಪು ಎಂಬ ಶಕೆಯೇ ಅಲ್ಲಿ ಬಳಕೆಯಲ್ಲಿತ್ತು. ನೀರಿನ ಬಾಗಿಲೊಂದು ಸ್ಥಳ ಬದಲಿಸಿದರೆ ಒಂದೂರು ಅಳಿದು ಇನ್ನೊಂದು ಹುಟ್ಟುವುದೆಂಬುದು ಈ ಜನರ ಪಾಲಿಗೆ ಪುಸ್ತಕದ ಮಾತಾಗಿರಲಿಲ್ಲ.

ಇದಕ್ಕಿಂತ ಹತ್ತಿರದ ಎಚ್ಚರಿಕೆ ಮದರಾಸಿನಿಂದಲೇ ಬಂದಿತ್ತು. ಅಲ್ಲಿ 1870ರ ದಶಕದಲ್ಲಿ ಕಡಲಿಗೆ ಚಾಚಿದ ಗೋಡೆಗಳಿಂದ ಕೃತಕ ಬಂದರೊಂದನ್ನು ಕಟ್ಟಲು ತೊಡಗಿದರು. 1881ರ ಚಂಡಮಾರುತ ಬಂದು ಕಟ್ಟಿದುದರಲ್ಲಿ ಬಹುಭಾಗವನ್ನು ಕೆಡವಿಹಾಕಿತು. ಮತ್ತೆ ಕಟ್ಟಿದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದಿತು. ಬಂದರಿನ ದಕ್ಷಿಣಕ್ಕೆ ಮರಳು ರಾಶಿರಾಶಿಯಾಗಿ ಬಂದು ಬಿದ್ದು ಇಂದಿನ ಮರೀನಾದ ವಿಸ್ತಾರವಾದ ದಂಡೆಯಾಯಿತು. ಉತ್ತರಕ್ಕೆ, ರಾಯಪುರಂ ಕಡೆಗೆ, ಕಡಲು ದಡವನ್ನು ತಿನ್ನತೊಡಗಿತು. ಮರೀನಾದಲ್ಲಿ ಗಾಳಿ ಸೇವಿಸುವ ನಮಗೆ ಅದು ಉತ್ತರ ಮದರಾಸಿನ ಬೆಸ್ತರಿಗೆ ದೊರೆಯದೆ ಹೋದ ಮರಳು ಎಂಬುದು ನೆನಪಾಗುವುದು ಅಪರೂಪ.

ಇಲ್ಲಿ ಕಡಲದಂಡೆಯ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು. ದಂಡೆಯ ಮರಳು ಒಂದೆಡೆ ಬಿದ್ದಿರುವ ವಸ್ತುವಲ್ಲ. ಅಲೆಗಳು ದಡಕ್ಕೆ ನೇರವಾಗಿ ಬಡಿಯದೆ ಓರೆಯಾಗಿ ಬಂದು ಅಪ್ಪಳಿಸುವುದರಿಂದ ಪ್ರತಿಯೊಂದು ಅಲೆಯೂ ಹಿಡಿಯಷ್ಟು ಮರಳನ್ನು ದಡದುದ್ದಕ್ಕೆ ಮುಂದೆ ಸರಿಸುತ್ತದೆ; ಗಾಳಿ ತಿರುಗಿದ ಋತುವಿನಲ್ಲಿ ಅದೇ ಮರಳು ಬಹುಪಾಲು ಹಿಂದಿರುಗುತ್ತದೆ; ನದಿಗಳು ಮಳೆಗಾಲದಲ್ಲಿ ಹೊಸ ಮರಳನ್ನು ತಂದು ಸೇರಿಸುತ್ತವೆ. ಈ ಕೊಡುಕೊಳ್ಳುವಿಕೆ ಸರಿದೂಗಿರುವವರೆಗೆ ದಂಡೆ ನಿಂತಂತೆ ತೋರುತ್ತದೆ. ನಡುವೆ ಗೋಡೆಯೊಂದನ್ನು ಚಾಚಿದರೆ, ಅಥವಾ ಆಳವಾದ ಕಾಲುವೆಯೊಂದನ್ನು ತೋಡಿದರೆ, ಸಾಗಿ ಬರುತ್ತಿದ್ದ ಮರಳು ಅಲ್ಲಿಯೇ ತಡೆದು ನಿಲ್ಲುತ್ತದೆ. ಮೇಲಿನ ತೋಟದವನು ತೋಡಿಗೆ ಕಟ್ಟ ಹಾಕಿಕೊಂಡರೆ ಕೆಳಗಿನ ತೋಟದವನ ಅಡಕೆ ಒಣಗುವಂತೆ, ಮುಂದಿನ ಊರಿನ ದಂಡೆ ಕೃಶವಾಗುತ್ತದೆ. ಕಟ್ಟ ಹಾಕಿದವನಿಗೆ ಇದು ಕಾಣಬೇಕಾದ ಅಗತ್ಯವಿಲ್ಲ, ಅವನ ತೋಟ ಹಸಿರಾಗಿಯೇ ಇರುತ್ತದೆ.

1920ರ ಏಪ್ರಿಲ್ ತಿಂಗಳಲ್ಲಿ, ಮದರಾಸಿನ ಗವರ್ನರಾಗಿದ್ದ ಲಾರ್ಡ್ ವಿಲಿಂಗ್ಡನ್ನರ ಕಾಲದಲ್ಲಿ, ರಾಬರ್ಟ್ ಬ್ರಿಸ್ಟೊ ಎಂಬ ಆಂಗ್ಲ ಬಂದರು ಎಂಜಿನಿಯರು ಕೊಚ್ಚಿಗೆ ಬಂದನು. ಅವನಿಂದ ನಿರೀಕ್ಷಿಸಿದುದು ದಿಬ್ಬವನ್ನು ಕಡಿಯುವ ಕೆಲಸವನ್ನು. ಅವನು ಕೈಹಾಕಿದುದು ದಡವನ್ನು ಓದುವ ಕೆಲಸಕ್ಕೆ. ಭರತ ಇಳಿತಗಳ ವೇಗ, ಮಳೆಗಾಲದ ಅಲೆಗಳ ದಿಕ್ಕು, ಹಿನ್ನೀರಿನಿಂದ ಹೊರಬೀಳುವ ನೀರಿನ ಪ್ರಮಾಣ, ಮರಳು ಬರುವ ಮತ್ತು ಹೋಗುವ ದಾರಿ, ಇವನ್ನೆಲ್ಲ ಅಳೆಯದೆ ಅಳಿವೆಯನ್ನು ಮುಟ್ಟುವುದು ಸಾಧ್ಯವಿಲ್ಲವೆಂಬುದು ಅವನ ನಿಲುವು. ಅವನ ಮುಂದಿದ್ದ ಅತಿ ದೊಡ್ಡ ಆತಂಕ ವೈಪಿನ್ನಿನದು. ಆ ದ್ವೀಪದ ಪಡುವಣ ಅಂಚು ಆಗಲೇ ಕಡಲ್ಕೊರೆತಕ್ಕೆ ಸಿಕ್ಕಿ ಕರಗುತ್ತಿತ್ತು. ದಿಬ್ಬವನ್ನು ಕಡಿದ ಮೇಲೆ ಅಲೆಗಳಿಗೆ ಇನ್ನಷ್ಟು ದಾರಿ ದೊರೆತು ದ್ವೀಪದ ಮುಮ್ಮೈ ಕೊಚ್ಚಿಹೋದರೆ, ಒಳಗಿನ ಹಿನ್ನೀರು ಹೂಳಿನಿಂದ ತುಂಬಿದರೆ, ಬಂದರೂ ಉಳಿಯದು, ಊರೂ ಉಳಿಯದು.

ಆದುದರಿಂದ ಮೊದಲು ಕೈಗೊಂಡುದು ವೈಪಿನ್ನಿನ ರಕ್ಷಣೆಯನ್ನು. ಸಾಮಾನ್ಯವಾಗಿ ಕಡಲಿಗೆ ಅಡ್ಡಲಾಗಿ, ದಡದಿಂದ ನೇರವಾಗಿ ಹೊರಕ್ಕೆ ಚಾಚುವಂತೆ ಕಲ್ಲೊಡ್ಡುಗಳನ್ನು ಹಾಕುವುದು ವಾಡಿಕೆ. ಬ್ರಿಸ್ಟೊ ಹಾಕಿಸಿದ ಕರಿಗಲ್ಲಿನ ಒಡ್ಡುಗಳು ದಡಕ್ಕೆ ಹೆಚ್ಚುಕಡಮೆ ಸಮಾನಾಂತರವಾಗಿದ್ದುವು, ಮತ್ತು ಒಂದರ ತುದಿ ಇನ್ನೊಂದರ ಬುಡದ ಮೇಲೆ ಹಾಯುವಂತೆ ಪರಸ್ಪರ ಒತ್ತಿ ನಿಂತಿದ್ದುವು. ಅಲೆಯ ರಭಸವನ್ನು ಎದುರಿಸಿ ಮುರಿಯುವುದಕ್ಕಿಂತ ಹೆಚ್ಚಾಗಿ, ಒಡ್ಡಿನ ಹಿಂದೆ ನುಗ್ಗಿದ ನೀರು ತಣ್ಣಗಾಗಿ ತಾನು ಹೊತ್ತು ತಂದ ಮರಳನ್ನು ಅಲ್ಲಿಯೇ ಇಳಿಸಿ ಹೋಗುವಂತೆ ಮಾಡುವುದು ಆ ವಿನ್ಯಾಸದ ಮರ್ಮ. ದಡವನ್ನು ತಿನ್ನುತ್ತಿದ್ದ ಕಡಲಿನಿಂದಲೇ ದಡವನ್ನು ಕಟ್ಟಿಸುವ ಈ ಉಪಾಯ ಫಲಿಸಿತು; ಮರಳು ತಾನಾಗಿಯೇ ತುಂಬಿಕೊಂಡು ನೆಲ ಬೆಳೆಯಿತು. ಈ ಪ್ರಯೋಗ ಗೆದ್ದ ಮೇಲಷ್ಟೇ ಅವನು ಅಳಿವೆಯನ್ನು ಕಡಿಯುವ, ಹಿನ್ನೀರಿನಲ್ಲಿ ನೆಲವೆಬ್ಬಿಸುವ ದೊಡ್ಡ ಯೋಜನೆಯ ವಿವರಗಳನ್ನು ಸರಕಾರದ ಮುಂದಿಟ್ಟನು, ಮದರಾಸು ಸರಕಾರ ನೇಮಿಸಿದ ಸಮಿತಿ ಅದನ್ನು ಪರೀಕ್ಷಿಸಿ ಒಪ್ಪಿತು. ನನ್ನ ದೃಷ್ಟಿಯಲ್ಲಿ ಕೊಚ್ಚಿ ಬಂದರಿನ ಇತಿಹಾಸದಲ್ಲಿ ಹೆಚ್ಚು ಸ್ಮರಣೀಯವಾದುದು ಹಡಗು ಒಳಬಂದ ದಿನಕ್ಕಿಂತ ಈ ಕಲ್ಲೊಡ್ಡುಗಳ ಹಿಂದೆ ಮರಳು ನಿಲ್ಲತೊಡಗಿದ ಕಾಲ. ಆದರೆ ಶಿಲಾಫಲಕಗಳನ್ನು ನೆಡುವುದು ಹಡಗುಗಳಿಗೇ ಹೊರತು ಮರಳಿಗಲ್ಲ.

ಈ ತಾಳ್ಮೆಯನ್ನೆಲ್ಲ ಎಂಜಿನಿಯರನ ವಿವೇಕದ ಲೆಕ್ಕಕ್ಕೇ ಬರೆಯುವುದು ನ್ಯಾಯವಾಗದು. ಫೋರ್ಟ್ ಕೊಚ್ಚಿ 1795ರಿಂದ ಬ್ರಿಟಿಷರದು, ಮದರಾಸು ಪ್ರಾಂತದ ಮಲಬಾರಿಗೆ ಸೇರಿದುದು. ಕಾಲ್ನಡಿಗೆಯ ದೂರದ ಮಟ್ಟಾಂಚೇರಿ ಮತ್ತು ನೀರಿನಾಚೆಯ ಎರ್ನಾಕುಲಂ ಕೊಚ್ಚಿ ಮಹಾರಾಜರವು. ಬಂದರಿಗೆ ಬರಬೇಕಾದ ಸರಕಿನಲ್ಲಿ ದೊಡ್ಡ ಪಾಲು ತಿರುವಾಂಕೂರಿನದು. ಹೀಗಾಗಿ ಸುಂಕದ ಹಣದಲ್ಲಿ ಯಾರಿಗೆಷ್ಟು ಎಂಬ ಚರ್ಚೆಯಲ್ಲಿ ಮದರಾಸು, ಕೊಚ್ಚಿ, ತಿರುವಾಂಕೂರು ಮತ್ತು ಇವುಗಳ ಮೇಲಿನ ಭಾರತ ಸರಕಾರ ಎಂಬ ನಾಲ್ಕು ಪಕ್ಷಗಳು ವರ್ಷಗಟ್ಟಲೆ ಕಾಗದ ಬರೆದುಕೊಂಡುವು. ಹಣ ಬೇಗ ಬಂದಿದ್ದರೆ ಬ್ರಿಸ್ಟೊ ಇಷ್ಟು ಕಾದಿರುತ್ತಿದ್ದನೋ ಇಲ್ಲವೋ ಹೇಳುವುದು ಕಷ್ಟ. ಜಿಪುಣತನವೂ ಒಮ್ಮೊಮ್ಮೆ ದೂರದೃಷ್ಟಿಯ ಕೆಲಸವನ್ನು ಮಾಡುತ್ತದೆ. ಆದರೆ ಆ ಬಿಡುವನ್ನು ದಡ ಕಟ್ಟುವುದಕ್ಕೆ ಬಳಸಿದುದು ಮಾತ್ರ ಮನುಷ್ಯನ ಆಯ್ಕೆಯೇ.

ಆಮೇಲಿನ ಕಥೆ ವೇಗದ್ದು. ‘ಲಾರ್ಡ್ ವಿಲಿಂಗ್ಡನ್’ ಎಂದು ಹೆಸರಿಟ್ಟ ಹೂಳೆತ್ತುವ ಹಡಗು 1926ರ ಮೇ ತಿಂಗಳಲ್ಲಿ, ಎಂದರೆ ಎಂಜಿನಿಯರು ಆರು ಮಳೆಗಾಲಗಳನ್ನು ಕಂಡ ಮೇಲೆ, ಕೊಚ್ಚಿಗೆ ಬಂದಿತು. ದಿನಕ್ಕೆ ಇಪ್ಪತ್ತು ಗಂಟೆಗಳಂತೆ ಎರಡು ವರ್ಷ ಅದು ಅಳಿವೆಯ ತಳವನ್ನು ಬಗೆಯಿತು. ಬಗೆದ ಮಣ್ಣು ಮರಳನ್ನು ವ್ಯರ್ಥವಾಗಿ ಎಸೆಯದೆ ಹಿನ್ನೀರಿನಲ್ಲಿದ್ದ ಸಣ್ಣ ದ್ವೀಪದ ಸುತ್ತ ತುಂಬಿಸಿ ಸುಮಾರು 780 ಎಕರೆ ಹೊಸ ನೆಲವನ್ನು ಎಬ್ಬಿಸಿದರು. ಅದೇ ಇಂದಿನ ವಿಲಿಂಗ್ಡನ್ ದ್ವೀಪ. 1928ರ ಮೇ 26ರಂದು ‘ಪದ್ಮ’ ಎಂಬ ಹಡಗು ಕಾಲುವೆಯ ಮೂಲಕ ಒಳಬಂದರನ್ನು ಪ್ರವೇಶಿಸಿತು. 1936ರಲ್ಲಿ ಕೊಚ್ಚಿಯನ್ನು ಪ್ರಮುಖ ಬಂದರೆಂದು ಘೋಷಿಸಿದರು. ದ್ವೀಪವನ್ನು ಎರಡು ದಡಗಳಿಗೂ ಸೇತುವೆಗಳಿಂದ ಜೋಡಿಸಿದರು. ಬ್ರಿಸ್ಟೊ 1941ರಲ್ಲಿ ಊರಿಗೆ ಮರಳಿ, 1959ರಲ್ಲಿ ಈ ಎಲ್ಲ ವೃತ್ತಾಂತವನ್ನು ‘ಕೊಚ್ಚಿನ್ ಸಾಗಾ’ ಎಂಬ ಗ್ರಂಥವಾಗಿ ಪ್ರಕಟಿಸಿದನು.

ಆದರೆ ಆ ಬಂದರಿಗಾಗಿ ಪಟ್ಟ ಮುಂದಾಲೋಚನೆ ಮಣ್ಣು ನೀರುಗಳಲ್ಲಿಯೇ ನಿಂತಿತು, ಮನುಷ್ಯರವರೆಗೆ ಬರಲಿಲ್ಲ. ಹದಿನೆಂಟನೆಯ ಶತಮಾನದಿಂದ ತಿರುವಾಂಕೂರಿನ ವ್ಯಾಪಾರದ್ವಾರವಾಗಿದ್ದ ಆಲಪ್ಪುಳ ಕೊಚ್ಚಿಯ ಕಾಲುವೆ ತೆರೆದ ಮೇಲೆ ಕ್ರಮೇಣ ಸೊರಗಿತು. ಅಲ್ಲಿಯ ಕಡಲಸೇತುವೆಯ ಕಂಬಗಳು ಪ್ರವಾಸಿಗರ ಛಾಯಾಚಿತ್ರಕ್ಕೆ ಉಳಿದಿವೆ. ಕೊಚ್ಚಿಯಲ್ಲಿಯೇ, ಹಡಗಿನ ಸರಕನ್ನು ಹೊರುವ ಕೂಲಿಗಳಿಗೆ ಕೆಲಸ ದೊರೆಯುತ್ತಿದ್ದ ರೀತಿ ಹೇಳಲು ಸಂಕೋಚವಾಗುವಂತಹುದು: ಗುತ್ತಿಗೆದಾರನ ಆಳು ‘ಚಾಪ್ಪ’ ಎಂಬ ಬಿಲ್ಲೆಗಳನ್ನು ಗುಂಪಿನ ನಡುವೆ ಎಸೆಯುವನು, ಒಬ್ಬರ ಮೇಲೊಬ್ಬರು ಬಿದ್ದು ಬಿಲ್ಲೆಯನ್ನು ಕಿತ್ತುಕೊಂಡವನಿಗೆ ಆ ದಿನದ ಅನ್ನ. ಇದರ ವಿರುದ್ಧ ಎದ್ದ ಹೋರಾಟದಲ್ಲಿ 1953ರ ಸೆಪ್ಟೆಂಬರ್ 15ರಂದು ಮಟ್ಟಾಂಚೇರಿಯಲ್ಲಿ ಪೋಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ದಡದ ಸವೆತವನ್ನು ಆರು ಮಳೆಗಾಲ ಮೊದಲೇ ಗಮನಿಸಿದ ವ್ಯವಸ್ಥೆಗೆ ಮೈಮುರಿದು ದುಡಿಯುವವರ ಸವೆತ ಕಾಣಲು ಕಾಲು ಶತಮಾನ ಬೇಕಾಯಿತು.

ಬ್ರಿಸ್ಟೊನ ಕಾಲುವೆಯೊಂದಿಗೆ ಕೊಚ್ಚಿಗೆ ಒಂದು ನಿತ್ಯಋಣವೂ ಅಂಟಿಕೊಂಡಿತೆಂಬುದನ್ನು ಮರೆಯಬಾರದು. ಪ್ರಕೃತಿ ತಾನಾಗಿ ಕೊಡದ ಆಳವನ್ನು ಮನುಷ್ಯ ಪ್ರತಿವರ್ಷವೂ ತೋಡಿ ಉಳಿಸಿಕೊಳ್ಳಬೇಕು. ಹಡಗುಗಳು ದೊಡ್ಡವಾದಷ್ಟೂ ಕಾಲುವೆ ಆಳವಾಗಬೇಕು, ಕಾಲುವೆ ಆಳವಾದಷ್ಟೂ ಅದರೊಳಗೆ ಹೂಳು ಬೇಗ ಬೀಳುತ್ತದೆ. 2011ರ ಫೆಬ್ರವರಿಯಲ್ಲಿ ವಲ್ಲಾರ್ಪಾಡಂ ದ್ವೀಪದಲ್ಲಿ ಅಂತಾರಾಷ್ಟ್ರೀಯ ಕಂಟೇನರ್ ನಿಲ್ದಾಣವನ್ನು ತೆರೆದಾಗ ಕೊಲಂಬೊಗೆ ಹೋಗುತ್ತಿರುವ ಭಾರತದ ಸರಕೆಲ್ಲ ಇನ್ನು ಇಲ್ಲಿಗೇ ಬರುವುದೆಂಬ ಉತ್ಸಾಹವಿತ್ತು. ಆ ಸರಕು ನಿರೀಕ್ಷಿಸಿದಷ್ಟು ಬರಲಿಲ್ಲ, ಆಳ ಕಾಯುವ ಖರ್ಚು ಮಾತ್ರ ತಪ್ಪದೆ ಬಂದಿತು. ಆ ನಿಲ್ದಾಣಕ್ಕೆ ರಸ್ತೆ ರೈಲುಗಳನ್ನು ತರುವುದಕ್ಕಾಗಿ 2008ರ ಫೆಬ್ರವರಿಯಲ್ಲಿ ಮೂಲಂಪಿಳ್ಳಿ ಮತ್ತು ನೆರೆಯ ಊರುಗಳಿಂದ 316 ಕುಟುಂಬಗಳನ್ನು ಎಬ್ಬಿಸಿದರು. ಪುನರ್ವಸತಿಯ ನಿವೇಶನಗಳಿಗಾಗಿ ಅವರಲ್ಲಿ ಎಷ್ಟೋ ಮಂದಿ ಬಹುಕಾಲ ಕಚೇರಿಗಳನ್ನು ಅಲೆದರು. ಮನೆ ಕೆಡವುವುದು ಮೊದಲು, ಮನೆ ಕೊಡುವುದು ಆಮೇಲೆ ಎಂಬ ಈ ಕ್ರಮವನ್ನು ಬ್ರಿಸ್ಟೊನ ಕಲ್ಲೊಡ್ಡುಗಳ ಪಕ್ಕದಲ್ಲಿಟ್ಟು ನೋಡಬೇಕು.

ಫೋರ್ಟ್ ಕೊಚ್ಚಿಯಿಂದ ದಕ್ಷಿಣಕ್ಕೆ ಕೆಲವು ಮೈಲಿ ಹೋದರೆ ಚೆಲ್ಲಾನಂ. ಕಡಲಿಗೂ ಹಿನ್ನೀರಿಗೂ ನಡುವೆ ಸಿಕ್ಕಿಕೊಂಡ ಈ ಮೀನುಗಾರರ ಗ್ರಾಮ ವರ್ಷವರ್ಷವೂ ಕಡಲ್ಕೊರೆತದಲ್ಲಿ ಮನೆಗಳನ್ನು ಕಳೆದುಕೊಂಡು, 2017ರ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಅಡುಗೆಮನೆಯವರೆಗೆ ಉಪ್ಪುನೀರನ್ನು ಕಂಡಿತು. ಕಾಲುವೆಯಿಂದ ಎತ್ತಿದ ಹೂಳನ್ನು ಹೊರಗಡಲಿಗೆ ಒಯ್ದು ಸುರಿಯುವ ಬದಲು ತಮ್ಮ ದಂಡೆಗೆ ಹಾಕಿ ದಡ ಬೆಳೆಸಿರೆಂದು ಅಲ್ಲಿಯ ಜನ ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಕಡೆಗೆ ದೊರೆತುದು ಟೆಟ್ರಾಪಾಡ್ ಎಂಬ ನಾಲ್ಕು ಕಾಲಿನ ಕಾಂಕ್ರೀಟು ಗಡ್ಡೆಗಳ ಗೋಡೆ. ಮೊದಲ ಹಂತದಲ್ಲಿ ಏಳು ಕಿಲೋಮೀಟರಿಗೆ ಮೇಲ್ಪಟ್ಟ ಉದ್ದಕ್ಕೆ ಕಟ್ಟಿದರು. ಗೋಡೆ ಮುಗಿದಲ್ಲಿ ಮಳೆಗಾಲದ ರಾತ್ರಿಗಳು ನೆಮ್ಮದಿಯವಾದುವು. ಗೋಡೆ ಇನ್ನೂ ಬರದ ಕಡೆಯ ಜನ ಅದಕ್ಕಾಗಿ ರಸ್ತೆಗಿಳಿದರು, ಏಕೆಂದರೆ ಒಂದೆಡೆ ಮುಖ ತಿರುವಿದ ಅಲೆ ಮುಂದಿನ ತೆರಪನ್ನೇ ಹುಡುಕಿ ಹೋಗುವುದೆಂಬುದನ್ನು ಅವರಿಗೆ ಯಾವ ಎಂಜಿನಿಯರೂ ಹೇಳಿಕೊಡಬೇಕಾಗಿರಲಿಲ್ಲ.

ತಿರುವನಂತಪುರದ ಕಡೆ ಕಥೆ ತಲೆಕೆಳಗು. ಅಲ್ಲಿ ಪ್ರಕೃತಿ ಆಳವನ್ನು ಧಾರಾಳವಾಗಿ ಕೊಟ್ಟಿದೆ. ವಿಳಿಞಂ ಬಳಿ ದಡದ ಸಮೀಪದಲ್ಲಿಯೇ ಕಡಲು 18ರಿಂದ 20 ಮೀಟರ್ ಆಳವಿದೆ, ಕೊಚ್ಚಿಯಂತೆ ದಿನನಿತ್ಯ ತೋಡಬೇಕಾಗಿಲ್ಲ, ಪೂರ್ವ ಪಶ್ಚಿಮಗಳ ಹಡಗುದಾರಿಯೂ ಹತ್ತಿರವೇ. 2015ರ ಡಿಸೆಂಬರಿನಲ್ಲಿ ಕೆಲಸವನ್ನು ಆರಂಭಿಸುವಾಗ 1000 ದಿನಗಳಲ್ಲಿ ಬಂದರನ್ನು ಮುಗಿಸುವೆವೆಂದು ಘೋಷಿಸಿದರು. ಸುಮಾರು ಮೂರು ಕಿಲೋಮೀಟರಿನ ಅಲೆತಡೆ ಗೋಡೆ ಅರೆಬರೆಯಾಗಿದ್ದಾಗಲೇ ಓಖಿ ಬಂದು ಅದರ ಒಂದು ಭಾಗವನ್ನು ಕಿತ್ತೊಯ್ದಿತು; ಕರಿಗಲ್ಲಿನ ಅಭಾವ ಕೆಲಸವನ್ನು ಇನ್ನಷ್ಟು ಹಿಂದಕ್ಕೆ ತಳ್ಳಿತು; ಮೊದಲ ದೊಡ್ಡ ಕಂಟೇನರ್ ಹಡಗು ‘ಸ್ಯಾನ್ ಫರ್ನಾಂಡೊ’ ದಕ್ಕೆಗೆ ಬಂದಾಗ 2024ರ ಜುಲೈ. ಇಷ್ಟರಲ್ಲಿ ಉತ್ತರದ ವಲಿಯತುರ, ಶಂಖುಮುಖಗಳ ದಂಡೆ ಕೃಶವಾಗಿ, ಮನೆ ಕಳೆದುಕೊಂಡ ಮೀನುಗಾರ ಕುಟುಂಬಗಳು ಸಿಮೆಂಟು ಗೋದಾಮಿನಲ್ಲಿ ವರ್ಷಗಟ್ಟಲೆ ಸಂಸಾರ ಹೂಡಬೇಕಾಯಿತು. 1956ರಲ್ಲಿ ಕಟ್ಟಿದ ವಲಿಯತುರದ ಕಡಲಸೇತುವೆ 2021ರ ತೌಕ್ತೆ ಚಂಡಮಾರುತದಲ್ಲಿ ಬಾಗಿ ಬಿರುಕುಬಿಟ್ಟಿತು. ಈ ಸವೆತಕ್ಕೆ ಬಂದರಿನ ಗೋಡೆಯೇ ಕಾರಣವೆಂದು 2022ರಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತ ಮೀನುಗಾರರು ಹೇಳಿದರು. ಚಂಡಮಾರುತಗಳೂ ಹವಾಮಾನದ ಬದಲಾವಣೆಯೂ ಕಾರಣ, ಬಂದರಿನ ಕೆಲಸಕ್ಕೆ ಮೊದಲೇ ಸವೆತವಿತ್ತು ಎಂದು ಬಂದರಿನ ಪಕ್ಷದವರು ಹೇಳಿದರು. ಎರಡು ಮಾತಿನಲ್ಲಿಯೂ ಸತ್ಯಾಂಶವಿರಬಹುದು. ಆದರೆ ಮೊದಲೇ ಸವೆಯುತ್ತಿದ್ದ ದಡವೆಂಬುದು ವಾದವಾಗಿ ಬಂದರಿನ ಪರವಾಗಿ ನಿಲ್ಲಬಲ್ಲದೆ? ವೈಪಿನ್ ಸಹ ಮೊದಲೇ ಸವೆಯುತ್ತಿತ್ತು. ಅದಕ್ಕಾಗಿಯೇ ಕೊಚ್ಚಿಯಲ್ಲಿ ಕೆಲಸ ವೈಪಿನ್ನಿನಿಂದ ಆರಂಭವಾದುದು.

ಇನ್ನು, 2025ರ ಮೇ 25ರಂದು ವಿಳಿಞಂನಿಂದ ಹೊರಟು ಕೊಚ್ಚಿಗೆ ಬರುತ್ತಿದ್ದ ‘ಎಂಎಸ್‌ಸಿ ಎಲ್ಸಾ 3’ ಎಂಬ ಹಡಗು 640 ಕಂಟೇನರುಗಳೊಡನೆ ಕೊಚ್ಚಿಯ ಹೊರಗಡಲಿನಲ್ಲಿ ಮುಳುಗಿತು. ನಾವಿಕರು 24 ಮಂದಿಯೂ ಬದುಕಿದರು. ಅಪಾಯಕಾರಿ ಸರಕಿದ್ದ ಪೆಟ್ಟಿಗೆಗಳು 13; ಆದರೆ ತಿರುವನಂತಪುರದವರೆಗಿನ ದಂಡೆಗಳಲ್ಲಿ ಸ್ವಯಂಸೇವಕರು ಬಹುಕಾಲ ಆರಿಸಿದುದು ಅದಾವುದನ್ನೂ ಅಲ್ಲ, ಅಕ್ಕಿಕಾಳಿನಂತಹ ಬಿಳಿಯ ಪ್ಲಾಸ್ಟಿಕ್ ಹರಳುಗಳನ್ನು. ಮೀನುಗಾರರ ಮೀನಿಗೆ ಕೊಳ್ಳುವವರಿಲ್ಲದಂತಾಯಿತು. ಎರಡು ಬಂದರುಗಳ ನಡುವೆ ಹಡಗುಗಳ ಸಂಖ್ಯೆಯನ್ನು ಹೆಚ್ಚಿಸುವ ಸಿದ್ಧತೆ ನಡೆದಷ್ಟು ಜರೂರಾಗಿ, ಅವುಗಳಲ್ಲೊಂದು ಮುಳುಗಿದರೆ ದಡದಲ್ಲಿ ಯಾರು ಏನು ಮಾಡಬೇಕೆಂಬ ಸಿದ್ಧತೆ ನಡೆದಿರಲಿಲ್ಲವೆಂಬುದು ಆ ವಾರಗಳಲ್ಲಿ ಎಲ್ಲರಿಗೂ ಕಂಡಿತು.

ಇದನ್ನು ನೆರೆರಾಜ್ಯದ ಸುದ್ದಿಯೆಂದು ಓದಿ ಮಡಿಸಿಡಲು ಕನ್ನಡಿಗರಿಗೆ ಅವಕಾಶವಿಲ್ಲ. ನೇತ್ರಾವತಿ ಗುರುಪುರ ನದಿಗಳು ಕೂಡುವ ಅಳಿವೆಬಾಗಿಲಿಗೆ ಅಲೆತಡೆ ಗೋಡೆಗಳು ಬಂದ ಮೇಲೆ ಕಡಲ್ಕೊರೆತ ತಮ್ಮ ಕಡೆಗೆ ಹೆಚ್ಚಿತೆಂದು ಉಳ್ಳಾಲದ ಜನ ಹೇಳುತ್ತ ಬಂದು ಎಷ್ಟೋ ವರ್ಷವಾಯಿತು. ಅಲ್ಲಿಯ ದಡವನ್ನು ಉಳಿಸಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ನೀರಿನಡಿಯಲ್ಲಿ ದಿಬ್ಬಗಳನ್ನು ಕಟ್ಟಬೇಕಾಯಿತು, ಅದೂ ಮನೆಗಳು ಹೋದ ಮೇಲೆ. ಉತ್ತರ ಕನ್ನಡದಲ್ಲಿ ಶರಾವತಿಯ ಅಳಿವೆಯ ಬಳಿಯ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಹೊಸ ಖಾಸಗಿ ಬಂದರುಗಳ ಯೋಜನೆಗಳೆದ್ದು, ಮೀನುಗಾರರು ಅವನ್ನು ವಿರೋಧಿಸಿ ಬೀದಿಗಿಳಿದಿದ್ದಾರೆ. ಅವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯುವುದು ಸುಲಭ. ಆದರೆ ನಮ್ಮ ದೇಶದಲ್ಲಿ ಯೋಜನೆಗಳ ಪರಿಸರ ಪರಿಣಾಮ ವರದಿಗಳನ್ನು ಬಹುಮಟ್ಟಿಗೆ ಒಂದೇ ಋತುವಿನ, ಅದರಲ್ಲಿಯೂ ಮಳೆಗಾಲವಲ್ಲದ ಋತುವಿನ, ಅಳತೆಗಳ ಮೇಲೆ ಬರೆಯುವ ರೂಢಿಯಿದೆ. ಪಡುವಣ ಕರಾವಳಿಯಲ್ಲಿ ದಡದ ಹಣೆಬರಹವನ್ನು ಬರೆಯುವುದು ಜೂನಿನಿಂದ ಸೆಪ್ಟೆಂಬರಿನವರೆಗಿನ ಅಲೆಗಳು. ಕೇಣಿಯಲ್ಲಾಗಲಿ ಟೊಂಕದಲ್ಲಾಗಲಿ ಮೊದಲ ಕಲ್ಲು ಕಡಲಿಗೆ ಬೀಳುವ ಮುನ್ನ ಎಷ್ಟು ಮಳೆಗಾಲಗಳ ಅಳತೆಯಾಗಿದೆ, ಉತ್ತರಕ್ಕೂ ದಕ್ಷಿಣಕ್ಕೂ ಇರುವ ಊರುಗಳ ದಡವನ್ನು ಯಾವ ಹಣದಿಂದ ಯಾರು ಮೊದಲೇ ಗಟ್ಟಿಮಾಡುವರು, ಎತ್ತಿದ ಮರಳು ಯಾವ ದಂಡೆಗೆ ಹೋಗುವುದು ಎಂಬ ವಿವರಗಳನ್ನು ಒಪ್ಪಂದದ ಕಾಗದದಲ್ಲಿಯೇ ಬರೆಸಿಕೊಳ್ಳುವ ಹಕ್ಕು ಆ ಊರಿನ ಗ್ರಾಮಸಭೆಗಳಿಗೆ ಇರಬೇಕು.